ವಡಾಲದ ಹಕ್ಕಿಗಳೂ ನಮ್ಮ ಆರೋಗ್ಯವೂ

ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ತುಸು ಹಿಂಜರಿದೆ. ನಾನು ವೈದ್ಯನಲ್ಲ, ವಾಣಿಜ್ಯ ಪದವಿ ಪಡೆದು, ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನೂ ಜಾಮೀನು ಪತ್ರಗಳನ್ನೂ ಪರಿಶೀಲಿಸುತ್ತ ಎರಡು ದಶಕ ಕಳೆದವನು. ಮಧುಮೇಹ, ಹೃದ್ರೋಗ, ಕೀಲುನೋವುಗಳ ಕುರಿತು ಅಧಿಕಾರವಾಣಿಯಿಂದ ಬರೆಯಬಲ್ಲ ತಜ್ಞರು ನಮ್ಮ ಸಂಘದಲ್ಲಿಯೇ ಇದ್ದಾರೆ. ಆದರೂ ವೈದ್ಯರ ಜ್ಞಾನದ ಪಕ್ಕದಲ್ಲಿ ರೋಗಿಯ ಅನುಭವಕ್ಕೂ ಒಂದು ಮಣೆಯಷ್ಟು ಜಾಗ ದೊರೆತೀತೆಂಬ ಧೈರ್ಯದಿಂದ ಈ ಕೆಲವು ಮಾತುಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ಕಳೆದ ಫೆಬ್ರವರಿ ತಿಂಗಳ ಕೊನೆಯ ಭಾನುವಾರ ನಮ್ಮ ಸಂಘದ ಇಪ್ಪತ್ತಾರು ಮಂದಿ, ಮಕ್ಕಳು ಮತ್ತು ಹಿರಿಯರು ಸೇರಿ, ವಡಾಲ ಹಾಗೂ ಶಿವಡಿಯ ಪರಿಸರದಲ್ಲಿ ಪಕ್ಷಿವೀಕ್ಷಣೆಗೆ ಹೋಗಿಬಂದೆವು. ಈ ಸಲಹೆಯನ್ನು ನಾನು ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಮಂಡಿಸಿದಾಗ ಮೊದಲು ಬಂದ ಉತ್ತರ ನಗೆ. ಹಿರಿಯ ಸದಸ್ಯರೊಬ್ಬರು, "ಹಕ್ಕಿ ನೋಡಿದರೆ ಸಕ್ಕರೆ ಇಳಿಯುತ್ತದೆಯೇನು? ಅದೇ ಖರ್ಚಿನಲ್ಲಿ ಇನ್ನೊಂದು ತಪಾಸಣಾ ಶಿಬಿರ ಮಾಡಬಹುದಲ್ಲ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಸಾರ್ವಜನಿಕ ದೇಣಿಗೆಯಿಂದ ನಡೆಯುವ ಸಂಸ್ಥೆಯಲ್ಲಿ ಖರ್ಚಿನ ಲೆಕ್ಕ ಕೇಳುವವರು ಇರಲೇಬೇಕು. ಅಂದು ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. ಈ ಲೇಖನವೇ ನನ್ನ ತಡವಾದ ಉತ್ತರವೆಂದು ಅವರು ಭಾವಿಸಬೇಕಾಗಿ ವಿನಂತಿ.

ತಪಾಸಣೆಯೂ ಖಾತೆಯೂ

ಆರೋಗ್ಯ ತಪಾಸಣಾ ಶಿಬಿರ ಸ್ತುತ್ಯರ್ಹವಾದ ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ನನ್ನ ರಕ್ತದೊತ್ತಡ 150/96 ಇದೆಯೆಂದು ಎರಡು ವರ್ಷಗಳ ಹಿಂದೆ ಮೊದಲಿಗೆ ತಿಳಿದುದು ಅಂಥದೊಂದು ಶಿಬಿರದಲ್ಲಿಯೇ. ಆದರೆ ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ತಪಾಸಣೆಯೆಂಬುದು ಬ್ಯಾಲೆನ್ಸ್ ಶೀಟಿನಂತೆ. ಮಾರ್ಚ್ 31ರಂದು ಸಂಸ್ಥೆಯ ಆಸ್ತಿಯೆಷ್ಟು, ಹೊಣೆಯೆಷ್ಟು ಎಂಬುದನ್ನು ಅದು ತೋರಿಸುತ್ತದೆ. ವರ್ಷವಿಡೀ ಲಾಭ ಎಲ್ಲಿಂದ ಬಂತು, ನಷ್ಟ ಎಲ್ಲಿ ಸೋರಿಹೋಯಿತು ಎಂಬುದನ್ನು ಅರಿಯಬೇಕಾದರೆ ಲಾಭ-ನಷ್ಟದ ಖಾತೆಯನ್ನೇ ತೆರೆಯಬೇಕು.

ಮಹಾನಗರದ ನಮ್ಮಂಥವರ ಆ ಖಾತೆ ಹೇಗಿದೆ? ಬೆಳಿಗ್ಗೆ ಲೋಕಲ್ ರೈಲಿನ ನೂಕುನುಗ್ಗಲು, ಹಗಲೆಲ್ಲ ಗಣಕಯಂತ್ರದ ಪರದೆ, ಸಂಜೆ ಮತ್ತೆ ರೈಲು, ರಾತ್ರಿ ಕೈಯಲ್ಲಿ ಮೊಬೈಲಿನ ಪರದೆ. ಕಣ್ಣು ದಿನವಿಡೀ ಒಂದು ಮೊಳಕ್ಕಿಂತ ದೂರದ ವಸ್ತುವನ್ನು ಕಾಣುವುದೇ ಅಪರೂಪ. ಪ್ರತಿದಿನ ಅರ್ಧ ಗಂಟೆ ನಡೆಯಿರೆಂದು ವೈದ್ಯರು ಹೇಳಿದರು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾನು ನಡೆದೆ. ಕಟ್ಟಡದ ಆವರಣದಲ್ಲಿ, ಕಿವಿಗೆ ಫೋನು ಸಿಕ್ಕಿಸಿಕೊಂಡು, ಶಾಖೆಯ ವಸೂಲಿಯ ವಿಚಾರ ಮಾತನಾಡುತ್ತ, ಹೆಜ್ಜೆಗಳನ್ನು ಎಣಿಸುತ್ತ ನಡೆದೆ. ಠೇವಣಿಯ ಗುರಿ, ಸಾಲದ ಗುರಿಗಳ ಜೊತೆಗೆ ಹೆಜ್ಜೆಯ ಗುರಿಯೊಂದು ಸೇರಿಕೊಂಡಿತು. ಕಾಲುಗಳು ನಡೆದವು, ಮನಸ್ಸು ಕುರ್ಚಿಯಲ್ಲಿಯೇ ಕುಳಿತಿತ್ತು. ಔಷಧಿಯಿಂದ ಅಂಕಿ ಇಳಿಯಿತು. ನಿದ್ರೆ ಮಾತ್ರ ಬರಲಿಲ್ಲ.

ನನ್ನ ಮನೆಯಲ್ಲಿ ಇನ್ನೊಬ್ಬರಿದ್ದರು. ಅವರ ತೊಂದರೆ ಯಾವ ಶಿಬಿರದ ಯಂತ್ರದಲ್ಲಿಯೂ ಕಾಣುವಂಥದಲ್ಲ. ಕುಂದಾಪುರದ ಕಡೆಯ ಹಳ್ಳಿಯೊಂದರಲ್ಲಿ ಶಾಲಾ ಮಾಸ್ತರರಾಗಿ ನಿವೃತ್ತರಾದ ನನ್ನ ತಂದೆಯವರು, ತಾಯಿ ತೀರಿಕೊಂಡ ಬಳಿಕ, ಊರಮನೆಗೆ ಬೀಗ ಹಾಕಿ ವಡಾಲಕ್ಕೆ ಬಂದರು. ಅವರಿಗೆ ಎಪ್ಪತ್ತಾರು ವರ್ಷ. ಸಕ್ಕರೆಯಿಲ್ಲ, ಒತ್ತಡವಿಲ್ಲ. ಆದರೆ ಮಾತು ನಿಂತುಹೋಗಿತ್ತು. ನಮ್ಮ ಕೋಣೆಯ ಕಿಟಕಿಗೆ ಎದುರಾಗಿ ಇರುವುದು ಪಕ್ಕದ ಕಟ್ಟಡದ ಗೋಡೆ. ಬೆಳಗಿನ ಕಾಫಿಯಿಂದ ಸಂಜೆಯವರೆಗೆ ಅವರು ಆ ಗೋಡೆಯನ್ನೇ ನೋಡುತ್ತ ಕುಳಿತಿರುತ್ತಿದ್ದರು. "ಊರಿಗ್ ಬಿಟ್ಟ್ ಬಾ ಮಗಾ" ಎಂಬುದೊಂದೇ ಆಗಾಗ ಬರುತ್ತಿದ್ದ ಮಾತು. ಊರಿನಲ್ಲಿ ಯಾರಿದ್ದಾರೆಂದು ಬಿಟ್ಟುಬರುವುದು? ಇಂಥ ಹಿರಿಯರು ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಇದ್ದಾರೆಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ. ಮಗನಿಗೆ ಹದಿನಾಲ್ಕು ವರ್ಷ. ಇಂಗ್ಲಿಷ್ ಮಾಧ್ಯಮದ ಓದು, ಗೆಳೆಯರೊಡನೆ ಹಿಂದಿ. ಅಜ್ಜಯ್ಯನಿಗೂ ಮೊಮ್ಮಗನಿಗೂ ನಡುವೆ "ಊಟ ಆಯ್ತಾ" ಎಂಬುದರ ಆಚೆಗೆ ಮಾತು ದಾಟುತ್ತಿರಲಿಲ್ಲ.

ಫೈವ್ ಗಾರ್ಡನ್ಸಿನ ಬೆಳಗು

ಅಂದು ಬೆಳಿಗ್ಗೆ ಆರೂವರೆಗೆ ನಾವೆಲ್ಲ ಫೈವ್ ಗಾರ್ಡನ್ಸಿನಲ್ಲಿ ಕಲೆತೆವು. ತಂದೆಯವರನ್ನು ಒತ್ತಾಯಿಸಿಯೇ ಕರೆತಂದಿದ್ದೆ. ಮಗನನ್ನು ಕರೆತಂದ ಆಮಿಷ, ಎರವಲು ತಂದ ಒಂದು ಬೈನಾಕ್ಯುಲರ್.

ವಡಾಲ, ಮಾಟುಂಗ, ದಾದರಗಳ ನಡುವಿನ ಈ ಉದ್ಯಾನಗಳ ಮೂಲಕ ನಾನು ನೂರಾರು ಸಲ ಹಾದುಹೋಗಿದ್ದೇನೆ. ಅಲ್ಲಿ ಇಷ್ಟು ಹಕ್ಕಿಗಳಿವೆಯೆಂದು ತಿಳಿದುದು ಅಂದೇ. ಶಿಶಿರ ಕಳೆದು ವಸಂತ ಕಾಲಿಡುವ ದಿನಗಳವು. ಎಲೆ ಉದುರಿಸಿದ ಬೂರುಗದ ಮರದಲ್ಲಿ ಅಂಗೈಯಗಲದ ಕೆಂಪು ಹೂಗಳು ಬಿರಿದಿದ್ದವು. ಮಕರಂದಕ್ಕಾಗಿ ಗೊರವಂಕ, ಗಿಳಿ, ಕಾಗೆಗಳು ಜಗಳವಾಡುತ್ತಿದ್ದವು. ವರ್ಷದ ಬಹುಭಾಗ ಮೌನವಾಗಿರುವ ಮಡಿವಾಳ ಹಕ್ಕಿ ಕಟ್ಟಡವೊಂದರ ಆಂಟೆನಾದ ತುದಿಯಲ್ಲಿ ಕುಳಿತು ಹಾಡುತ್ತಿತ್ತು. ಎಲ್ಲಿಂದಲೋ ಟುಕ್, ಟುಕ್, ಟುಕ್ ಎಂದು ಒಂದೇ ಲಯದ ಸದ್ದು ಬಂತು. ದುರಸ್ತಿಯ ಕೆಲಸ ನಡೆದಿದೆಯೆಂದು ನಾವು ಭಾವಿಸಿದೆವು. ತಂದೆಯವರು ತಲೆಯೆತ್ತಿ, "ಕುಟ್ರು ಜಾತಿದ್" ಎಂದರು. ಎರಡು ತಾಸಿನಲ್ಲಿ ಅವರಾಡಿದ ಮೊದಲ ಮಾತದು. ಪುಸ್ತಕಗಳು ಕಂಚುಕುಟಿಗವೆನ್ನುವ ಹಕ್ಕಿ ಅದು. ಗುಬ್ಬಿಗಿಂತ ತುಸು ದೊಡ್ಡದು, ಹಸುರು ಮೈ, ಹಣೆ ಮತ್ತು ಎದೆಯ ಮೇಲೆ ಕೆಂಪು. ಮಗ ಬೈನಾಕ್ಯುಲರಿನಲ್ಲಿ ಹುಡುಕಿ ಹಿಡಿದ. "ಅಜ್ಜಯ್ಯ, ನೋಡದೆ ಹೇಗೆ ಗೊತ್ತಾಯಿತು?" ಎಂದು ಕೇಳಿದ. ಈ ಪ್ರಶ್ನೆಗೆ ಉತ್ತರ ಹೇಳಲು ತಂದೆಯವರಿಗೆ ಹತ್ತು ನಿಮಿಷ ಬೇಕಾಯಿತು.

ಈ ಹತ್ತು ನಿಮಿಷವನ್ನು ನಾನು ಅಂದಿನ ಕಾರ್ಯಕ್ರಮದ ಮೊದಲ ಆದಾಯವೆಂದು ಬರೆದಿಟ್ಟುಕೊಂಡಿದ್ದೇನೆ.

ಶಿವಡಿಯ ಕೆಸರು

ವಡಾಲ ರೋಡ್ ನಿಲ್ದಾಣದಿಂದ ಹಾರ್ಬರ್ ಮಾರ್ಗದಲ್ಲಿ ದಕ್ಷಿಣಕ್ಕೆ ಒಂದೇ ನಿಲ್ದಾಣ ಶಿವಡಿ. ಅಲ್ಲಿಂದ ಪೂರ್ವಕ್ಕೆ, ಗೋದಾಮುಗಳನ್ನೂ ಲಾರಿಗಳನ್ನೂ ದಾಟಿ ಧಕ್ಕೆಗೆ ಬಂದರೆ ಕೆಸರಿನ ಬಯಲು. ಹಿರಿಯರು ಟ್ಯಾಕ್ಸಿಯಲ್ಲಿಯೂ ಉಳಿದವರು ಕಾಲ್ನಡಿಗೆಯಲ್ಲಿಯೂ ಅಲ್ಲಿಗೆ ತಲುಪಿದೆವು. ದುರಸ್ತಿಗೆ ಬಂದ ಹಳೆಯ ದೋಣಿಗಳು, ಎಣ್ಣೆಯ ವಾಸನೆ, ತಲೆಯ ಮೇಲೆ 2024ರ ಜನವರಿಯಲ್ಲಿ ಸಂಚಾರಕ್ಕೆ ತೆರೆದ 21.8 ಕಿಲೋಮೀಟರ್ ಉದ್ದದ ಅಟಲ್ ಸೇತುವೆ. ಸೌಂದರ್ಯಕ್ಕಾಗಿ ಯಾರೂ ಇಲ್ಲಿಗೆ ಬರುವಂತಿಲ್ಲ. ಆದರೂ ಚಳಿಗಾಲದ ಆರಂಭದಿಂದ ಮಳೆಗಾಲದ ಹೊಸ್ತಿಲವರೆಗೆ ರಾಜಹಂಸಗಳು ಬಂದಿಳಿಯುವುದು ಈ ಕೆಸರಿಗೇ.

ನಾವು ತಲುಪಿದಾಗ ನೀರು ಬಹಳ ಹಿಂದೆ ಸರಿದಿತ್ತು. ದೂರದಲ್ಲಿ ಒಂದು ನಸುಗೆಂಪು ಗೆರೆ ಮಾತ್ರ ಕಾಣುತ್ತಿತ್ತು. ಕೆಲವರು ನಿರಾಶರಾಗಿ ಮರಳುವ ಮಾತನಾಡಿದರು. ಆಗ ನನ್ನ ತಂದೆಯವರು ದಂಡೆಯ ಗಿಡಗಳನ್ನು ನೋಡಿ, "ಇದ್ ಕಾಂಡ್ಲ ಅಲ್ದಾ?" ಎಂದರು. ಕುಂದಾಪುರ-ಗಂಗೊಳ್ಳಿಯ ಅಳಿವೆಯ ದಂಡೆಯಲ್ಲಿ ಬೆಳೆದವರಿಗೆ ಕಾಂಡ್ಲದ ಗಿಡವನ್ನೂ ಉಬ್ಬರವಿಳಿತವನ್ನೂ ಯಾರೂ ಕಲಿಸಬೇಕಾಗಿಲ್ಲ. ಬಗ್ಗಿ ಕೆಸರಿನ ಮೇಲಿನ ನೀರಿನ ಓಟವನ್ನು ನೋಡಿ, "ಇನ್ನ್ ಅರ್ಧ ಗಂಟೆ ಕಾಣಿ. ನೀರ್ ಏರತ್ತ್. ಹಕ್ಕಿ ಎಲ್ಲ ಈಚೆಗೇ ಬತ್ತ್" ಎಂದರು. ಇಪ್ಪತ್ತಾರು ಜನ ಅವರ ಮಾತಿಗೆ ಕಾದು ನಿಂತರು. ನೀರು ಏರಿತು. ಕೆಸರು ಮುಳುಗುತ್ತ ಬಂದಂತೆ ಹಕ್ಕಿಗಳು ಹೆಜ್ಜೆ ಹೆಜ್ಜೆಯಾಗಿ ದಂಡೆಯತ್ತ ಸರಿದವು. ಸುಮಾರು ಮುನ್ನೂರು ಇದ್ದಿರಬಹುದು. ಮೊದಲೆಲ್ಲ ಈ ಬಯಲು ಗುಲಾಬಿ ಬಣ್ಣದ ಕಂಬಳಿ ಹಾಸಿದಂತೆ ಇರುತ್ತಿತ್ತೆಂದು ನಮ್ಮೊಡನಿದ್ದ ಹಳಬರೊಬ್ಬರು ಹೇಳಿದರು.

ಇಲ್ಲಿಗೆ ಬರುವ ರಾಜಹಂಸಗಳಲ್ಲಿ ಎರಡು ಬಗೆ. ದೊಡ್ಡದು ಎತ್ತರವಾಗಿ, ಬಿಳಿಯ ಮೈಯವು; ಕೊಕ್ಕು ನಸುಗೆಂಪು, ತುದಿ ಮಾತ್ರ ಕಪ್ಪು. ಚಿಕ್ಕದು ಗಿಡ್ಡ, ಬಣ್ಣ ಗಾಢ, ಕೊಕ್ಕು ಬಹುತೇಕ ಕಪ್ಪುಗೆಂಪು. ಎರಡೂ ತಲೆಯನ್ನು ತಲೆಕೆಳಗಾಗಿ ನೀರಿಗಿಳಿಸಿ, ಕೊಕ್ಕಿನೊಳಗಿನ ಜರಡಿಯಂಥ ರಚನೆಯಿಂದ ಕೆಸರುನೀರನ್ನು ಸೋಸಿ ಉಣ್ಣುತ್ತವೆ. ಚಿಕ್ಕ ರಾಜಹಂಸದ ಮುಖ್ಯ ಆಹಾರ ಸೂಕ್ಷ್ಮವಾದ ಪಾಚಿ. ಮರಿಗಳು ಹುಟ್ಟುವಾಗ ಬೂದು ಬಣ್ಣದವು. ಆಹಾರದಲ್ಲಿರುವ ವರ್ಣದ್ರವ್ಯದಿಂದ ವರ್ಷಗಳ ಮೇಲೆ ಕೆಂಪೇರುತ್ತವೆ. ಇದನ್ನೆಲ್ಲ ತಂದೆಯವರಿಗೆ ವಿವರಿಸಿದವನು ನನ್ನ ಮಗ. ಅವರು ಜೀವಮಾನದಲ್ಲಿ ರಾಜಹಂಸವನ್ನು ಕಂಡಿರಲಿಲ್ಲ. ಪ್ರತಿಯಾಗಿ ಅವರು ಪಕ್ಕದಲ್ಲಿ ನಿಂತಿದ್ದ ಬಿಳಿಯ ಹಕ್ಕಿಯನ್ನು ತೋರಿಸಿ, "ಕಾಣ್ ಮಗಾ, ಕಾಲ್ ಕಪ್ಪು, ಪಾದ ಹಳದಿ. ಅದ್ ನಮ್ ಬೆಳ್ಳಕ್ಕಿ" ಎಂದರು. ಗರುಡ, ಮಿಂಚುಳ್ಳಿ, ನೀರುಕಾಗೆ, ಟಿಟ್ಟಿಭಗಳ ಹೆಸರನ್ನು ಮಗ ತನ್ನ ಪುಸ್ತಕದಲ್ಲಿ ಬರೆದುಕೊಂಡ. ತಪ್ಪಿಲ್ಲದೆ ಅಲ್ಲ, ಆದರೆ ಕನ್ನಡ ಅಕ್ಷರದಲ್ಲಿ.

ವಲಸೆ ಹಕ್ಕಿಯೆಂಬ ಮಾತು

ಉಪಾಹಾರದ ವೇಳೆ ಮಿತ್ರರೊಬ್ಬರು ಚಿಕ್ಕ ಭಾಷಣ ಮಾಡಿದರು. "ನಾವೂ ಈ ರಾಜಹಂಸಗಳಂತೆಯೇ. ಹೊಟ್ಟೆಪಾಡಿಗಾಗಿ ಬಂದ ವಲಸೆ ಹಕ್ಕಿಗಳು" ಎಂದರು. ಚಪ್ಪಾಳೆಯಾಯಿತು. ಮುಂಬಯಿ ಕನ್ನಡಿಗರ ಯಾವ ವೇದಿಕೆಯಲ್ಲಿಯೂ ಈ ಹೋಲಿಕೆ ಒಮ್ಮೆಯಾದರೂ ಬಾರದಿರದು. ನಾನೂ ಅದನ್ನು ಬಳಸಿದ್ದೇನೆ. ಆದರೆ ಅಂದು, ನಿಜವಾದ ವಲಸೆ ಹಕ್ಕಿಯನ್ನು ಎದುರಿಗೆ ಕಂಡ ಮೇಲೆ, ಆ ಮಾತಿನ ಬಗ್ಗೆ ನನಗೆ ಸಂಶಯ ಹುಟ್ಟಿತು.

ವಲಸೆ ಹಕ್ಕಿಗೆ ಎರಡು ಮನೆಗಳಿವೆ. ಅದು ಎರಡನ್ನೂ ಬಿಡುವುದಿಲ್ಲ. ರಾಜಹಂಸ ಮರಿ ಮಾಡುವುದು ಕಚ್ಛದ ರಣದಂಥ ಉಪ್ಪುನೀರಿನ ಬಯಲುಗಳಲ್ಲಿ. ಮುಂಬಯಿಗೆ ಬರುವುದು ಮೇವಿಗೆ. ನಮ್ಮ ಹಿಂದಿನ ತಲೆಮಾರಿಗೆ ಈ ಹೋಲಿಕೆ ಒಪ್ಪುತ್ತಿತ್ತು. ಅವರು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ, ಊರಿಗೆ ಮನಿಯಾರ್ಡರು ಕಳುಹಿಸಿದರು. ಮಕ್ಕಳು ಬೆಳೆದದ್ದು ಊರಿನಲ್ಲಿ. ನಮ್ಮ ವಿಷಯ ಹಾಗಲ್ಲ. ನಮ್ಮ ಮನೆ ಇಲ್ಲಿದೆ, ಮತ ಇಲ್ಲಿದೆ, ಮಕ್ಕಳ ಜನನ ಪತ್ರ ಇಲ್ಲಿಯದು. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯನ್ನು ಕಟ್ಟಿದವರು ಮಳೆ ಬಂದೊಡನೆ ಹಾರಿಹೋಗುವ ಉದ್ದೇಶದಿಂದ ಕಟ್ಟಲಿಲ್ಲ. ನಾವು ಇಲ್ಲಿಯ ಕಾಯಂ ಹಕ್ಕಿಗಳು, ಗುಬ್ಬಿ-ಗೊರವಂಕಗಳಂತೆ. ಇಷ್ಟಾದರೂ ನಮ್ಮನ್ನು ವಲಸೆ ಹಕ್ಕಿಗಳೆಂದು ಕರೆದುಕೊಳ್ಳುವುದರಲ್ಲಿ ಒಂದು ಅನುಕೂಲವುಂಟು. ಈ ನೆಲದ ಕೆರೆ, ಕೊಲ್ಲಿ, ಮರಗಳ ಹೊಣೆ ನಮ್ಮದಲ್ಲವೆಂದು ಸುಮ್ಮನಿರಬಹುದು. ಹಾಗೆ ಸುಮ್ಮನಿದ್ದುದರಿಂದಲೇ ನನ್ನ ತಂದೆಯವರಿಗೆ ನಾನು ಎರಡು ವರ್ಷ ತೋರಿಸಿದ್ದು ಒಂದು ಗೋಡೆಯನ್ನು ಮಾತ್ರ. ಕಾಂಡ್ಲದ ಗಿಡ ಮನೆಯಿಂದ ಒಂದು ನಿಲ್ದಾಣದ ದೂರದಲ್ಲಿತ್ತು.

ನಮಗೆ ಒಪ್ಪುವ ಮಾದರಿ ಬೇರೆಯೇ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರಿನ ನಡುವಿನ ಹುಣಿಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಊರವರು ಅವುಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಹಕ್ಕಿಗಳ ಹಿಕ್ಕೆ ಅವರ ಹೊಲಕ್ಕೆ ಗೊಬ್ಬರ. ಅಲ್ಲಿಯ ಜನ ತಮ್ಮನ್ನು ಹಕ್ಕಿಗೆ ಹೋಲಿಸಿಕೊಳ್ಳಲಿಲ್ಲ, ಹಕ್ಕಿಗೆ ಆತಿಥೇಯರಾದರು. ವಡಾಲದ ಕನ್ನಡಿಗರೂ ಆತಿಥೇಯರ ಸ್ಥಾನದಲ್ಲಿ ನಿಂತು ಶಿವಡಿಯನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಅತಿಥಿಗಳ ಸ್ಥಿತಿ ಅಷ್ಟೇನೂ ಕ್ಷೇಮವಾಗಿಲ್ಲ. ಠಾಣೆ ಕೊಲ್ಲಿಯ ಮೇಲ್ಭಾಗವನ್ನು ಮಹಾರಾಷ್ಟ್ರ ಸರಕಾರ 2015ರಲ್ಲಿ ರಾಜಹಂಸಗಳ ಅಭಯಾರಣ್ಯವನ್ನಾಗಿ ಘೋಷಿಸಿತು. 2022ರಲ್ಲಿ ಅದು ಅಂತಾರಾಷ್ಟ್ರೀಯ ಮಹತ್ತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ನಮ್ಮ ರಂಗನತಿಟ್ಟು ಆ ಪಟ್ಟಿಗೆ ಸೇರಿದುದೂ ಅದೇ ವರ್ಷ. ಆದರೆ ಶಿವಡಿಯ ಕೆಸರು ಆ ಅಭಯಾರಣ್ಯದ ಗಡಿಯೊಳಗಿಲ್ಲ. 2024ರ ಮೇ 20ರ ರಾತ್ರಿ, ಇಳಿಯುತ್ತಿದ್ದ ವಿಮಾನಕ್ಕೆ ತಾಗಿ ಘಾಟ್ಕೋಪರದಲ್ಲಿ ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಸತ್ತುಬಿದ್ದ ಸುದ್ದಿಯನ್ನು ಓದುಗರು ಮರೆತಿರಲಾರರು.

ಕೆಸರಿನ ಬಯಲು, ಕಾಂಡ್ಲದ ಕಾಡು, ಉಪ್ಪಿನ ಆಗರಗಳನ್ನು ವ್ಯರ್ಥ ಭೂಮಿಯೆಂದು ಬಗೆಯುವವರುಂಟು. ಬ್ಯಾಂಕಿನಲ್ಲಿಯೂ ಮೀಸಲು ನಿಧಿಯನ್ನು ನೋಡಿ, ಈ ಹಣವೇಕೆ ಸುಮ್ಮನೆ ಬಿದ್ದಿದೆ, ಸಾಲ ಕೊಡಬಾರದೇ ಎಂದು ಕೇಳುವ ಹೊಸಬರಿರುತ್ತಾರೆ. ಆಪತ್ತು ಬಂದ ದಿನ ಆ ನಿಧಿಯ ಅರ್ಥ ತಿಳಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್ ಕೇಂದ್ರದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ದಾಖಲಾಯಿತು. ಅಷ್ಟು ನೀರು ಹರಿದು ನಿಲ್ಲಲು ತಗ್ಗು ಬೇಕು, ಅಲೆಯ ಹೊಡೆತವನ್ನು ತಡೆಯಲು ಕಾಂಡ್ಲ ಬೇಕು. ನಗರದ ಮೀಸಲು ನಿಧಿಯೆಂದರೆ ಈ ಕೆಸರೇ. ಹಕ್ಕಿ ಬಂದಿದೆಯೆಂದರೆ ನಿಧಿ ಇನ್ನೂ ಬರಿದಾಗಿಲ್ಲವೆಂದು ತಿಳಿಯಬಹುದು.

ವಾಣಿಜ್ಯದ ವಿದ್ಯಾರ್ಥಿಯೊಬ್ಬರು

ಪಕ್ಷಿವೀಕ್ಷಣೆ ವಿಜ್ಞಾನ ಓದಿದವರ ಹವ್ಯಾಸ, ನಮ್ಮಂಥವರದಲ್ಲ ಎಂದು ಕೆಲವರು ಹೇಳುವುದುಂಟು. ಅವರಿಗಾಗಿ ಒಂದು ಸಂಗತಿ. ಭಾರತದ ಪಕ್ಷಿಶಾಸ್ತ್ರದ ಪಿತಾಮಹರೆನಿಸಿದ ಡಾ. ಸಲೀಂ ಅಲಿಯವರು (1896-1987) ಇದೇ ಮುಂಬಯಿಯವರು. ಅವರು ಬರ್ಮಾದಿಂದ ಹಿಂದಿರುಗಿದ ಮೇಲೆ ಓದತೊಡಗಿದ್ದು ದಾವರ್ ವಾಣಿಜ್ಯ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರವನ್ನು! ಅದರ ಜೊತೆಗೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದಲು ಪ್ರೇರಣೆ ನೀಡಿದವರು ಫಾದರ್ ಬ್ಲಾಟರ್. ಬಾಲ್ಯದಲ್ಲಿ ತಾನು ಹೊಡೆದ ಹಳದಿ ಕೊರಳಿನ ಗುಬ್ಬಿಯೊಂದು ಯಾವುದೆಂದು ಕೇಳಲು ಅವರು 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಚೇರಿಗೆ ಹೋದುದೇ ಅವರ ಬಾಳಿನ ತಿರುವಾಯಿತು. ನಮ್ಮ ನಾಡು ಅವರಿಗೆ ವಿಶೇಷವಾಗಿ ಋಣಿ. ಅವರ ಸಲಹೆಯಂತೆ ಮೈಸೂರಿನ ಮಹಾರಾಜರು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿದರು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿಪುಕ್ಕ' ನಮ್ಮ ಹಕ್ಕಿಗಳನ್ನು ನಮ್ಮ ಮಾತಿನಲ್ಲಿಯೇ ಪರಿಚಯಿಸುತ್ತದೆ.

ಇನ್ನು ಆರೋಗ್ಯದ ಮಾತು. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಅಮೆರಿಕದ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿ ನೋಡಿದ್ದರು. ಅರ್ಧದಷ್ಟು ರೋಗಿಗಳ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದವರ ಕಿಟಕಿಯಿಂದ ಇಟ್ಟಿಗೆಯ ಗೋಡೆ. ಮರ ಕಾಣುತ್ತಿದ್ದವರು ಬೇಗನೆ ಮನೆಗೆ ಹೋದರು, ಅವರಿಗೆ ತೀವ್ರವಾದ ನೋವಿನ ಔಷಧಿ ಕಡಿಮೆ ಬೇಕಾಯಿತು. ಇದನ್ನು ಓದಿದಾಗ ನನಗೆ ನಮ್ಮ ಮನೆಯ ಕಿಟಕಿ ನೆನಪಾಯಿತು. 2022ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು 1,292 ಜನರಿಂದ ಮೊಬೈಲ್ ಮೂಲಕ ಸಂಗ್ರಹಿಸಿದ ಮಾಹಿತಿಯ ಅಧ್ಯಯನವೊಂದನ್ನು ಪ್ರಕಟಿಸಿದರು. ಹಕ್ಕಿಗಳನ್ನು ಕಂಡ ಅಥವಾ ಅವುಗಳ ದನಿ ಕೇಳಿದ ವೇಳೆ ಜನರ ಮನಸ್ಸು ಹೆಚ್ಚು ನೆಮ್ಮದಿಯಿಂದಿದ್ದುದೂ, ಅದರ ಪರಿಣಾಮ ಎಂಟು ತಾಸಿನವರೆಗೆ ಉಳಿದುದೂ ಕಂಡುಬಂತು. ಖಿನ್ನತೆಯಿಂದ ಬಳಲುವವರಲ್ಲಿಯೂ ಇದು ಕಂಡಿತೆಂಬುದು ಗಮನಾರ್ಹ.

ಆದುದರಿಂದ ಹಕ್ಕಿ ನೋಡಿದರೆ ಸಕ್ಕರೆ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಪ್ರಾಮಾಣಿಕ ಉತ್ತರ: ನೋಡಿದ ಮಾತ್ರಕ್ಕೆ ಇಳಿಯುವುದಿಲ್ಲ. ಯಾರೂ ತಮ್ಮ ಔಷಧಿಯನ್ನು ನಿಲ್ಲಿಸಬಾರದು. ಆದರೆ ಹಕ್ಕಿಯನ್ನು ನೋಡಲು ನಡೆಯಬೇಕು, ನಿಲ್ಲಬೇಕು, ತಲೆಯೆತ್ತಬೇಕು, ದೂರ ದೃಷ್ಟಿಯಿಡಬೇಕು, ಬಾಯಿ ಮುಚ್ಚಿ ಕಿವಿ ತೆರೆಯಬೇಕು. ಅಂದು ನಾನು ಮೂರೂವರೆ ತಾಸು ಕಾಲಮೇಲೆಯೇ ಇದ್ದೆ. ಹೆಜ್ಜೆ ಎಣಿಸುವುದು ನೆನಪಾಗಲಿಲ್ಲ. ಮಾರ್ಚ್ ತಿಂಗಳ ಲೆಕ್ಕದ ಚಿಂತೆ ಒಮ್ಮೆಯೂ ಬರಲಿಲ್ಲ. ಆ ರಾತ್ರಿ ನಿದ್ರೆ ಬಂತು. ಕಟ್ಟಡದ ಆವರಣದ ನಡಿಗೆಯಲ್ಲಿ ನಾನು ನನ್ನ ದೇಹವನ್ನೇ ಕಾಯುತ್ತಿದ್ದೆ. ಇಲ್ಲಿ ನನ್ನಿಂದ ಹೊರಗಿನ ಒಂದು ಜೀವವನ್ನು ನೋಡುತ್ತಿದ್ದೆ. ಬಳಲಿದ ಮನಸ್ಸಿಗೆ ಈ ಎರಡನೆಯದು ಬೇಕು. ಇದನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ಮೂರು ತಲೆಮಾರು ಸೇರಿ ಮಾಡಿದರೆ ಫಲ ಹೆಚ್ಚು. ತಪಾಸಣಾ ಶಿಬಿರದ ಸಾಲಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಚೀಟಿ ಹಿಡಿದು ಒಂಟಿಯಾಗಿ ನಿಲ್ಲುತ್ತಾರಲ್ಲವೇ?

ಕೆಲವು ಸಲಹೆಗಳು

ಸಂಘದ ಮುಂದೆ ನಾನಿಡುವ ಸಲಹೆಗಳು ಸರಳ. ಪ್ರತಿವರ್ಷ ಫೆಬ್ರವರಿಯ ಕೊನೆಯ ಭಾನುವಾರವನ್ನು ಇದಕ್ಕೆ ಮೀಸಲಿಡಬೇಕು. ಆಗ ಬಿಸಿಲು ಹಿತವಾಗಿರುತ್ತದೆ, ಚಳಿಗಾಲದ ಅತಿಥಿಗಳು ಇನ್ನೂ ಹೊರಟಿರುವುದಿಲ್ಲ, ಊರಿನ ಹಕ್ಕಿಗಳು ಹಾಡತೊಡಗಿರುತ್ತವೆ, ಮಕ್ಕಳ ಪರೀಕ್ಷೆಯ ಭರಾಟೆ ಹಲವರಿಗೆ ಆರಂಭವಾಗಿರುವುದಿಲ್ಲ. ಹೊರಡುವ ಮೊದಲು ಉಬ್ಬರವಿಳಿತದ ವೇಳೆಯನ್ನು ನೋಡಿಕೊಂಡು, ನೀರು ಏರುವ ಹೊತ್ತಿಗೆ ಶಿವಡಿಯನ್ನು ತಲುಪುವಂತೆ ಯೋಜಿಸಬೇಕು. ನಡೆಯಲಾರದವರಿಗೆ ಫೈವ್ ಗಾರ್ಡನ್ಸಿನ ಬೆಂಚುಗಳೇ ಸಾಕು. ಐರೋಲಿಯಿಂದ ಅರಣ್ಯ ಇಲಾಖೆಯ ದೋಣಿ ವ್ಯವಸ್ಥೆಯೂ ಉಂಟು.

ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಬೈನಾಕ್ಯುಲರುಗಳನ್ನು ಸಂಘ ಎರಡೋ ಮೂರೋ ಕೊಂಡರೆ ಸರದಿಯಂತೆ ಎಲ್ಲರೂ ಬಳಸಬಹುದು. ಟೋಪಿ, ನೀರು, ಮಧುಮೇಹಿಗಳಿಗೆ ಸಮಯಕ್ಕೆ ಸರಿಯಾಗಿ ತಿಂಡಿ, ಹೊಗೆ-ಧೂಳು ಹೆಚ್ಚಿರುವ ದಿನ ಉಬ್ಬಸದವರಿಗೆ ಮುಖಗವಸು, ಇವನ್ನು ಮರೆಯಬಾರದು. ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಬರಬೇಕು. ಕಣ್ಣು ಕುಕ್ಕುವ ಬಣ್ಣದ ಬಟ್ಟೆ, ಗಟ್ಟಿಯಾದ ಮಾತು, ಹಕ್ಕಿಗಳನ್ನು ಹಾರಿಸಿ ಚಿತ್ರ ತೆಗೆಯುವ ಚಪಲ, ಇವು ಬೇಡ. ತಂದ ತಿಂಡಿಯ ಕಾಗದ, ಬಾಟಲಿಗಳನ್ನು ಹಿಂದಕ್ಕೆ ಕೊಂಡೊಯ್ಯುವುದು ಆತಿಥೇಯರ ಮೊದಲ ಮರ್ಯಾದೆ.

ಕೊನೆಯದಾಗಿ, ಪ್ರತಿ ಮಗುವಿಗೂ ಒಬ್ಬ ಹಿರಿಯರನ್ನು ಜೊತೆಗೂಡಿಸಿ, ಕಂಡ ಹಕ್ಕಿಗಳ ಹೆಸರನ್ನು ಕನ್ನಡದಲ್ಲಿ ಬರೆಯಿಸಬೇಕು. ಕುಂದಾಪುರದವರು ಒಂದು ಹೆಸರು ಹೇಳಿಯಾರು, ಧಾರವಾಡದವರು ಇನ್ನೊಂದು, ಮಂಡ್ಯದವರು ಮತ್ತೊಂದು. ಎಲ್ಲವನ್ನೂ ಬರೆದುಕೊಳ್ಳಲಿ. ಹಕ್ಕಿ ಇಲ್ಲವಾದರೆ ಹೆಸರೂ ಇಲ್ಲವಾಗುತ್ತದೆ. ಹೆಸರೇ ತಿಳಿಯದವರು ಹಕ್ಕಿ ಇಲ್ಲವಾದುದನ್ನು ಗಮನಿಸುವುದೂ ಇಲ್ಲ.

ತಂದೆಯವರು ಸಂಪೂರ್ಣವಾಗಿ ಬದಲಾದರೆಂದು ನಾನು ಹೇಳಲಾರೆ. ಈಗಲೂ ಕೆಲವು ಸಂಜೆ "ಊರಿಗ್ ಬಿಟ್ಟ್ ಬಾ" ಎನ್ನುತ್ತಾರೆ. ಆದರೆ ಆ ಭಾನುವಾರದ ಮರುದಿನ ಬೆಳಿಗ್ಗೆ ಅವರು ತಾವಾಗಿಯೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಅಂದಿನಿಂದ ಹೆಚ್ಚಿನ ದಿನ ಅವರು ಉದ್ಯಾನಕ್ಕೆ ಹೋಗುತ್ತಾರೆ. ರಜೆಯ ದಿನಗಳಲ್ಲಿ ಮೊಮ್ಮಗನೂ ಜೊತೆಗಿರುತ್ತಾನೆ. ನಮ್ಮ ಬ್ಯಾಂಕಿನ ಹಳೆಯ ಡೈರಿಯೊಂದು ಈಗ ಅವರ ಹಕ್ಕಿಗಳ ಲೆಕ್ಕದ ಪುಸ್ತಕವಾಗಿದೆ. ಕಳೆದ ವಾರ ಎಣಿಸಿದಾಗ ಅದರಲ್ಲಿ ಮೂವತ್ತೊಂದು ಹೆಸರುಗಳಿದ್ದವು.

ಸಮಿತಿಯ ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯ ಮಿತ್ರರಿಗೆ ನನ್ನದೊಂದು ಸವಿನಯ ಆಮಂತ್ರಣವಿದೆ. ಮುಂದಿನ ಫೆಬ್ರವರಿಯ ಕೊನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ಫೈವ್ ಗಾರ್ಡನ್ಸಿಗೆ ದಯಮಾಡಿಸಬೇಕು. ಖರ್ಚಿನ ಲೆಕ್ಕವನ್ನು ನಾನು ಒಪ್ಪಿಸುತ್ತೇನೆ. ಮನೆಯ ಹಿರಿಯರನ್ನೂ ಮೊಮ್ಮಕ್ಕಳನ್ನೂ ಕರೆತರಲು ಮರೆಯಬಾರದು.